ಮಾನಸಗಂಗೋತ್ರಿಯಲ್ಲಿ ಸೀಟು ಸಿಕ್ಕಿತು, ರೂಮು?

ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯಲ್ಲಿ ಎಂ.ಎ., ಎಂ.ಎಸ್ಸಿ. ಸೀಟು ಸಿಕ್ಕಿದ ಕೂಡಲೇ ಹಾಸ್ಟೆಲ್ಲೂ ಸಿಕ್ಕಿತೆಂದುಕೊಂಡು ಬಕೆಟ್ಟು, ಹಾಸಿಗೆ ಸಮೇತ ಮೈಸೂರಿಗೆ ಬಂದಿಳಿಯುವವರು ಪ್ರತಿ ವರ್ಷ ಇರುತ್ತಾರೆ. ಸೀಟಿನ ಅರ್ಜಿ ಬೇರೆ, ಹಾಸ್ಟೆಲ್ಲಿನ ಅರ್ಜಿ ಬೇರೆ. ಶುಲ್ಕ ಬೇರೆ, ಪಟ್ಟಿಯೂ ಬೇರೆ. ತರಗತಿ ಶುರುವಾದ ಮೇಲೆ ಹಾಸ್ಟೆಲ್ ಪಟ್ಟಿ ನೋಟಿಸ್ ಬೋರ್ಡಿಗೆ ಬರಲು ಕೆಲವು ವಾರ ಹಿಡಿಯುವುದೇ ಹೆಚ್ಚು. ವಸತಿಯ ಲೆಕ್ಕದಲ್ಲಿ ದುಡ್ಡು ಕೈಬಿಡುವುದು ಈ ಕೆಲವೇ ವಾರಗಳಲ್ಲಿ. ಅಪ್ಪ ಅಮ್ಮ ಗಾಬರಿಬಿದ್ದು ದೊಡ್ಡ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯುತ್ತಾರೆ. ಮೂರನೇ ವಾರಕ್ಕೆ ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರುತ್ತದೆ. ಮನೆ ಬಿಟ್ಟರೆ ಅಡ್ವಾನ್ಸ್ ಮುರಿಯುತ್ತದೆ, ಹಾಸ್ಟೆಲ್ ಬಿಟ್ಟರೆ ವರ್ಷವಿಡೀ ಬಾಡಿಗೆ ಕಟ್ಟಬೇಕು.

ಹಾಗಾಗಿ ಜೂನಿಯರ್‌ಗಳ ಜೊತೆ ರೂಮು ನೋಡಲು ಹೋಗುವ ನಾವೆಲ್ಲ ಮೊದಲು ಹೇಳುವುದು ಒಂದೇ ಮಾತು. ಮೊದಲ ತಿಂಗಳ ವಸತಿ ಬೇರೆ, ವರ್ಷದ ವಸತಿ ಬೇರೆ. ಎರಡನ್ನೂ ಒಂದೇ ದಿನ ತೀರ್ಮಾನಿಸಬೇಡಿ. ಮೊದಲ ತಿಂಗಳಿಗೆ ತಿಂಗಳ ಲೆಕ್ಕದ ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ಸಾಕು. ಬಾಡಿಗೆ 500 ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ, ಅಡ್ವಾನ್ಸ್ ಕಡಿಮೆ ಇರಬೇಕು. ಪರಿಚಯದವರ ಹಾಸ್ಟೆಲ್ ರೂಮಿನಲ್ಲಿ ಹೆಸರಿಲ್ಲದೆ ಮಲಗುವ ಪದ್ಧತಿಯೂ ಉಂಟು. ಹಾಗೆ ಉಳಿಯುವವರನ್ನು ಕೆಲವು ಕಡೆ ‘ಪ್ಯಾರಾಸೈಟ್’ ಅನ್ನುತ್ತಾರೆ. ವಾರ್ಡನ್ ರೌಂಡ್ಸ್‌ಗೆ ಬಂದಾಗ ಸಿಕ್ಕಿಬಿದ್ದರೆ ದಂಡ ಬೀಳುವುದು ರೂಮಿನವರಿಗೆ. ಎರಡು ಮೂರು ರಾತ್ರಿ ಸರಿ, ತಿಂಗಳುಗಟ್ಟಲೆ ಉಳಿದರೆ ಸ್ನೇಹವೇ ಕೆಡುತ್ತದೆ.

ಹಾಸ್ಟೆಲ್ ಎಂದರೆ ಒಂದೇ ಬಗೆಯಲ್ಲ, ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕ್ಯಾಂಪಸ್ಸಿನೊಳಗೆ ವಿಶ್ವವಿದ್ಯಾನಿಲಯವೇ ನಡೆಸುವ ವಿದ್ಯಾರ್ಥಿನಿಲಯಗಳಿವೆ, ಅವಕ್ಕೆ ವಿಶ್ವವಿದ್ಯಾನಿಲಯಕ್ಕೇ ಅರ್ಜಿ ಹಾಕಬೇಕು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಬೇರೆ. ಜನರ ಬಾಯಲ್ಲಿ ಅವು ‘ಬಿಸಿಎಂ ಹಾಸ್ಟೆಲ್’, ‘ಸೋಶಿಯಲ್ ವೆಲ್‌ಫೇರ್ ಹಾಸ್ಟೆಲ್’. ಅಲ್ಲಿ ಊಟ, ವಸತಿ ಎರಡೂ ಉಚಿತ, ಅರ್ಜಿ ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಆನ್‌ಲೈನ್. ಇವಲ್ಲದೆ ಮಠಗಳು, ಸಮುದಾಯದ ಸಂಘಗಳು ನಡೆಸುವ ನಿಲಯಗಳಿವೆ. ವಾರಾನ್ನ ಮಾಡಿಕೊಂಡು, ಅಂದರೆ ಸೋಮವಾರ ಒಬ್ಬರ ಮನೆ ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದ ತಲೆಮಾರು ಈ ಊರಲ್ಲಿತ್ತು. ಸಮುದಾಯದ ನಿಲಯಗಳು ಬೆಳೆದದ್ದು ಆ ಕಾಲದ ಅಗತ್ಯದಿಂದ. ಇವುಗಳಲ್ಲಿ ಪೋರ್ಟಲ್ ಗೀರ್ಟಲ್ ಇಲ್ಲ. ನೇರವಾಗಿ ಕಚೇರಿಗೆ ಹೋಗಿ ಅರ್ಜಿ ಪಡೆದು, ಅಂಕಪಟ್ಟಿ ತೋರಿಸಿ ಸಂದರ್ಶನಕ್ಕೆ ಕೂರಬೇಕು. ಪ್ರಾರ್ಥನೆಯ ಹೊತ್ತು, ಊಟದ ಹೊತ್ತು, ಗೇಟು ಮುಚ್ಚುವ ಹೊತ್ತು ಕಟ್ಟುನಿಟ್ಟು. ಅದಕ್ಕೆ ಒಗ್ಗುವವರಿಗೆ ಖರ್ಚು ತೀರಾ ಕಡಿಮೆ.

ಮೂರಕ್ಕೂ ಅರ್ಜಿ ಹಾಕಿ. ಒಂದರ ಫಲಿತಾಂಶ ಕಾದು ಇನ್ನೊಂದಕ್ಕೆ ಹಾಕೋಣ ಎಂದವರಿಗೆ ಎರಡೂ ತಪ್ಪುತ್ತವೆ.

ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಕಾಗದದಿಂದ, ಅಂಕದಿಂದಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’, ಆಧಾರ್‌ನಲ್ಲಿ ‘ಕೆ. ಮಂಜುನಾಥ’ ಅಥವಾ ಅಪ್ಪನ ಹೆಸರು ಪೂರ್ತಿ. ಈ ಇನಿಶಿಯಲ್ಲಿನ ತಕರಾರಿಗೆ ಪೋರ್ಟಲ್ ಅಲ್ಲೇ ನಿಂತುಬಿಡುತ್ತದೆ. ಊರಲ್ಲಿರುವಾಗಲೇ ಆಧಾರ್ ತಿದ್ದಿಸಿಕೊಳ್ಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ಪೋರ್ಟಲ್ ಕೇಳುವುದು ಅದನ್ನೇ. ಆದಾಯ ಪ್ರಮಾಣಪತ್ರಕ್ಕೆ ಅವಧಿ ಉಂಟು. ಪಿಯುಸಿಗೆ ಮಾಡಿಸಿದ್ದು ಎಂ.ಎ. ಹೊತ್ತಿಗೆ ಮುಗಿದಿರುತ್ತದೆ, ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದು ಪಾಸ್‌ಬುಕ್ ನೋಡಿ ಸಮಾಧಾನಪಡಬೇಡಿ, ಸರ್ಕಾರದ ಹಣ ಬೀಳಲು ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ನಿಮ್ಮ ಆಧಾರಿಗೆ ಬರುವ ಹಣ ಈ ಖಾತೆಗೇ ಎಂಬ ದಾಖಲಾತಿ, ಬೇಕು. ಬ್ಯಾಂಕಿನಲ್ಲಿ ಹೀಗೇ ಹೆಸರು ಹಿಡಿದು ಕೇಳಿದರೆ ಮಾಡಿಕೊಡುತ್ತಾರೆ. ಇದಿಷ್ಟರ ಜೊತೆ ಪ್ರವೇಶ ಶುಲ್ಕದ ರಸೀದಿ, ಆರೇಳು ಫೋಟೋ, ಸ್ಥಳೀಯ ಪೋಷಕರ ವಿಳಾಸ. ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ತುಂಬಬೇಕು. ಯುಜಿಸಿಯ 2009ರ ನಿಯಮದಿಂದ ಬಂದದ್ದು ಅದು. ದೂರು ಹೇಳಲು ಸಹಾಯವಾಣಿ 1800-180-5522.

ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಎಂಬ ಊಟ–ವಸತಿ ನೆರವಿದೆ. ವರ್ಷಕ್ಕೆ 10 ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಹಾಸ್ಟೆಲ್ಲಿನಲ್ಲೂ ಇದ್ದು ಇದನ್ನೂ ಪಡೆಯುವಂತಿಲ್ಲ. ಹಣ ತಿಂಗಳು ತಿಂಗಳು ಸಂಬಳದಂತೆ ಬರುತ್ತದೆಂದು ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಬಂದಾಗ ಬಂತು ಎಂದುಕೊಂಡೇ ಲೆಕ್ಕ ಹಾಕಿ.

ಈಗ ಕ್ಯಾಂಪಸ್ ಹಾಸ್ಟೆಲ್. ಇಲ್ಲಿ ರೂಮಿಗಿಂತ ಮೆಸ್ಸಿನ ಲೆಕ್ಕ ಅರ್ಥಮಾಡಿಕೊಳ್ಳುವುದು ಮುಖ್ಯ. ವಿಶ್ವವಿದ್ಯಾನಿಲಯದ ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಡಿವೈಡಿಂಗ್ ಪದ್ಧತಿ. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳ ಒಟ್ಟು ಮೊತ್ತದಿಂದ ಭಾಗಿಸಿ, ಬಂದ ದಿನದ ದರವನ್ನು ಪ್ರತಿಯೊಬ್ಬರ ಹಾಜರಿಗೆ ಗುಣಿಸುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅಡುಗೆಯವರ ಸಂಬಳ, ಗ್ಯಾಸು, ಪಾತ್ರೆಯಂಥ ಖರ್ಚು ಜನ ಕಡಿಮೆಯಾದರೂ ಕಡಿಮೆಯಾಗುವುದಿಲ್ಲ. ಒಂದು ಲೆಕ್ಕ ನೋಡಿ. ಇಂಥ ಸ್ಥಿರ ಖರ್ಚು ತಿಂಗಳಿಗೆ 1,50,000, ಒಬ್ಬರ ಒಂದು ದಿನದ ದಿನಸಿ–ತರಕಾರಿ 70 ರೂಪಾಯಿ ಎಂದಿಟ್ಟುಕೊಳ್ಳೋಣ. ಎಲ್ಲರೂ ಇದ್ದು ಒಟ್ಟು 4,000 ಊಟದ ದಿನಗಳಾದರೆ ಸ್ಥಿರ ಖರ್ಚು ದಿನಕ್ಕೆ ತಲೆಗೆ 37.50, ದಿನದ ದರ 107.50. ದಸರಾ ರಜೆಗೆ ಅರ್ಧ ಜನ ಊರಿಗೆ ಹೋಗಿ 2,000 ದಿನಗಳಷ್ಟೇ ಆದರೆ ಸ್ಥಿರ ಖರ್ಚು ತಲೆಗೆ 75, ದರ 145. ಊಟ ಅದೇ ಮುದ್ದೆ ಅದೇ ಸಾರು, ಬಿಲ್ಲು ಮಾತ್ರ ಮೂರನೇ ಒಂದರಷ್ಟು ಜಾಸ್ತಿ. ರಜೆಯಲ್ಲಿ ಉಳಿದು ಓದುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಊರಿಗೆ ಹೋಗುವವರು ಮೆಸ್ ಕಟ್ ಬರೆಸಬೇಕು. ಎಷ್ಟು ದಿನ ಮೊದಲು ಬರೆಸಬೇಕು, ಕನಿಷ್ಠ ಎಷ್ಟು ದಿನ ಹೊರಗಿದ್ದರೆ ಕಡಿತ ಕೊಡುತ್ತಾರೆ ಎಂಬುದು ಹಾಸ್ಟೆಲ್ಲಿಂದ ಹಾಸ್ಟೆಲ್ಲಿಗೆ ಬೇರೆ. ಸೇರಿದ ದಿನವೇ ಮೆಸ್ ಮ್ಯಾನೇಜರನ್ನು ಕೇಳಿ. ಬರೆಸದೆ ಹೋದ ಹತ್ತು ದಿನ ನಿಮ್ಮ ಲೆಕ್ಕದಲ್ಲಿ ಉಂಡ ಹಾಗೆಯೇ. ಬಾಕಿ ಬೆಳೆಸಿಕೊಂಡರೆ ಅದು ಹೊರಬರುವುದು ಪರೀಕ್ಷೆಯ ಹೊತ್ತಿನಲ್ಲಿ. ‘ನೋ ಡ್ಯೂ’ ಇಲ್ಲದೆ ಮುಂದಿನ ಕಾಗದ ಯಾವುದೂ ಅಲ್ಲಾಡುವುದಿಲ್ಲ.

ಮಾನಸಗಂಗೋತ್ರಿ 700 ಎಕರೆಗೂ ಮಿಗಿಲಾದ ಜಾಗ. ‘ಕ್ಯಾಂಪಸ್ಸಿನೊಳಗೇ ಇದೆ’ ಎಂದರೆ ಹತ್ತಿರ ಎಂದು ಅರ್ಥವಲ್ಲ. ನಿಮ್ಮ ವಿಭಾಗ, ಗ್ರಂಥಾಲಯ, ಹಾಸ್ಟೆಲ್ ಮೂರರ ನಡುವೆ ಒಮ್ಮೆ ನಡೆದು ನೋಡಿ. ಲ್ಯಾಬು ಮುಗಿಸಿ ಸಂಜೆ ಏಳರ ಮೇಲೆ ಬರುವವರು, ಅದರಲ್ಲೂ ಹೆಣ್ಣುಮಕ್ಕಳು, ಅದೇ ದಾರಿಯನ್ನು ಕತ್ತಲಾದ ಮೇಲೆ ಇನ್ನೊಮ್ಮೆ ನೋಡಬೇಕು. ಹಗಲು ಹಿತವಾಗಿರುವ ಮರಗಳ ಸಾಲು ರಾತ್ರಿ ದೀಪದ ಕಂಬವನ್ನೂ ಮರೆಮಾಡುತ್ತದೆ. ಗೇಟು ಎಷ್ಟಕ್ಕೆ ಮುಚ್ಚುತ್ತದೆ, ಲ್ಯಾಬಿನಿಂದ ತಡವಾದರೆ ವಿಭಾಗದ ಪತ್ರ ನಡೆಯುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಹಾಸಿಗೆ ಕೊಳ್ಳುವ ಮೊದಲು ಮಂಚ ಅಳೆಯಿರಿ. ಅರ್ಧ ಅಡಿ ಹೊರಗೆ ಚಾಚಿದ ಹಾಸಿಗೆಯಲ್ಲಿ ಎರಡು ವರ್ಷ ಮಲಗುವುದು ಕಷ್ಟ. ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್ ನಿಷೇಧಿಸಿರುತ್ತಾರೆ, ಅದು ಬರೀ ವಾರ್ಡನ್ ಹಟವಲ್ಲ. 1,500 ವಾಟ್ ಕಾಯಿಲ್ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪ್ ಎಳೆಯುತ್ತದೆ, 2,000 ವಾಟ್ ಇಂಡಕ್ಷನ್ 8.7 ಆಂಪ್. ರೂಮಿನ ಸಣ್ಣ ಪ್ಲಗ್ಗು 6 ಆಂಪಿನದ್ದು. ಎರಡು ರೂಮಿನವರು ಒಟ್ಟಿಗೆ ಹಚ್ಚಿದರೆ ಫ್ಯೂಸು ಹೋಗುತ್ತದೆ, ಹೋಗದಿದ್ದರೆ ಗೋಡೆಯೊಳಗಿನ ವೈರು ಬಿಸಿಯಾಗುತ್ತದೆ. ಎರಡನೆಯದೇ ಅಪಾಯ.

ಹಾಸ್ಟೆಲ್ ಸಿಗಲಿಲ್ಲ, ಅಥವಾ ಬೇಡವೆನಿಸಿತು ಎಂದುಕೊಳ್ಳೋಣ. ಹೊರಗೆ ಎಲ್ಲಿ? ಹುಣಸೂರು ರಸ್ತೆಯ ಕಡೆ ಪಡುವಾರಹಳ್ಳಿ, ಜಯಲಕ್ಷ್ಮೀಪುರಂ. ಕುಕ್ಕರಹಳ್ಳಿ ಕೆರೆಯ ಆಚೆ ಸರಸ್ವತಿಪುರಂ. ಇನ್ನೊಂದು ಬದಿ ಬೋಗಾದಿ ರಸ್ತೆಯ ಬಡಾವಣೆಗಳು, ಸ್ವಲ್ಪ ದೂರಕ್ಕೆ ಕುವೆಂಪುನಗರ. ಹಳೆಯ ಹಳ್ಳಿಯನ್ನು ಊರು ನುಂಗಿದ ಜಾಗವಾದ್ದರಿಂದ ಪಡುವಾರಹಳ್ಳಿಯ ಓಣಿಗಳಲ್ಲಿ ಸಣ್ಣ ಸಣ್ಣ ರೂಮುಗಳೂ ಮೆಸ್ಸುಗಳೂ ಹೆಚ್ಚು, ಗಾಳಿ ಬೆಳಕು ಕಡಿಮೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಹಳೆಯ ಬಡಾವಣೆಗಳು. ಮನೆ ಚೆನ್ನಾಗಿರುತ್ತದೆ, ಮಾಲೀಕರು ಕೆಳಗೇ ಇರುತ್ತಾರೆ, ಪ್ರಶ್ನೆಗಳೂ ಜಾಸ್ತಿ. ಬೋಗಾದಿ ಕಡೆ ದೂರ ಹೋದಷ್ಟೂ ಜಾಗ ದೊಡ್ಡದು, ಆದರೆ ರಾತ್ರಿ ಬಸ್ಸಿನ ಚಿಂತೆ. ಪಕ್ಕದಲ್ಲೇ ಎಂಜಿನಿಯರಿಂಗ್ ಕಾಲೇಜು, ವಾಕ್ ಶ್ರವಣ ಸಂಸ್ಥೆ ಇವೆ. ಕೆಎಎಸ್, ಕೆ–ಸೆಟ್ ಪರೀಕ್ಷೆಗಳಿಗೆ ಓದುವವರೂ ಇದೇ ಸುತ್ತಿನಲ್ಲಿ ರೂಮು ಹುಡುಕುತ್ತಾರೆ. ಪರೀಕ್ಷೆ ಮುಗಿದು ಹಿರಿಯರು ಖಾಲಿ ಮಾಡುವ ವಾರ ಆಯ್ಕೆ ಹೆಚ್ಚು. ತರಗತಿ ಶುರುವಾದ ಮೇಲೆ ಉಳಿದಿರುವುದು ಯಾರೂ ಒಪ್ಪದ ರೂಮುಗಳು.

ಹೆಣ್ಣುಮಕ್ಕಳಿಗೆ ದೂರದ ಲೆಕ್ಕ ಈಗ ಬದಲಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಗರ ಸಾರಿಗೆಯ ಸಾಮಾನ್ಯ ಬಸ್ಸು ಉಚಿತ. ಎರಡು ಮೂರು ಕಿಲೋಮೀಟರ್ ಆಚೆ ಬಾಡಿಗೆ ಕಡಿಮೆಯಿದ್ದರೆ ಪೂರ್ತಿ ಉಳಿತಾಯ. ಹುಡುಗರು ಸೇವಾಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು. ಪಾಸಿನ ದಾರಿ ಮನೆಯ ವಿಳಾಸಕ್ಕೆ ತಕ್ಕಂತೆ ನಿಗದಿಯಾಗುವುದರಿಂದ ಮನೆ ಗಟ್ಟಿಯಾದ ಮೇಲೆ ಹಾಕಿ.

ಪಿಜಿ ನೋಡಲು ಹೋದರೆ ಕೆಳಗಿನ ಆಫೀಸಿನಲ್ಲಿ ಕುಳಿತು ಮೊಬೈಲಿನ ಫೋಟೋ ನೋಡಬೇಡಿ, ತಾರಸಿಗೆ ಹತ್ತಿ. 1,000 ಲೀಟರಿನ ಒಂದು ಸಿಂಟೆಕ್ಸ್, ಕೆಳಗೆ 20 ಜನ, ಅಂದರೆ ಒಮ್ಮೆ ತುಂಬಿದರೆ ತಲೆಗೆ 50 ಲೀಟರ್. ದಿನಕ್ಕೆ ಎಷ್ಟು ಸಲ ತುಂಬಿಸುತ್ತಾರೆ, ಸಂಪು ಎಷ್ಟು ದೊಡ್ಡದು, ನಲ್ಲಿ ನೀರು ಬರದ ದಿನ ಬೋರು ಇದೆಯೇ? ಸೋಲಾರ್ 200 ಲೀಟರಿನದ್ದಾದರೆ 20 ಜನಕ್ಕೆ ತಲಾ 10 ಲೀಟರ್ ಬಿಸಿನೀರು, ಒಂದು ಬಕೆಟ್ಟೂ ತುಂಬುವುದಿಲ್ಲ. ಜುಲೈ, ಆಗಸ್ಟ್‌ನ ಮೋಡದಲ್ಲಿ ಅದೂ ಇಲ್ಲ. ಅದಕ್ಕೆ ಗೀಸರ್ ಉಂಟೇ, ಉಂಟಾದರೆ ಎಷ್ಟರಿಂದ ಎಷ್ಟರವರೆಗೆ ಹಾಕುತ್ತಾರೆ ಎಂದು ಅಲ್ಲಿರುವ ಹುಡುಗರನ್ನೇ ಕೇಳಬೇಕು, ಮ್ಯಾನೇಜರನ್ನಲ್ಲ. ಬಚ್ಚಲು ಎಣಿಸಿ. 12 ಜನಕ್ಕೆ ಒಂದೇ ಬಚ್ಚಲಾದರೆ ತಲಾ 15 ನಿಮಿಷ ಹಿಡಿದರೂ 3 ಗಂಟೆ. ಒಂಬತ್ತೂವರೆಯ ತರಗತಿಗೆ ಮೊದಲನೆಯವರು ಆರಕ್ಕೇ ಏಳಬೇಕು. ಬೆಂಗಳೂರಿನಲ್ಲಿ ಪಾಲಿಕೆ 2024ರಲ್ಲಿ ಪಿಜಿಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದಿದೆ. ಮೈಸೂರಿಗೆ ಅದು ಅನ್ವಯಿಸದಿದ್ದರೂ ಅಳತೆಗೋಲಾಗಿ ಒಳ್ಳೆಯದು. ಅದರಂತೆ ಹತ್ತಕ್ಕೆ ಹನ್ನೆರಡರ ರೂಮು, ಅಂದರೆ 120 ಚದರ ಅಡಿ, ಇಬ್ಬರಿಗೂ ಸಾಲದು. ಅಂಥದ್ದರಲ್ಲಿ ಮೂರು ಮಂಚ ಹಾಕಿ ‘ತ್ರೀ ಶೇರಿಂಗ್’ ಎನ್ನುತ್ತಾರೆ.

ಊಟ ನೋಡಬೇಕಾದರೆ ಭಾನುವಾರ ಮಧ್ಯಾಹ್ನ ಹೋಗಬೇಡಿ, ಅವತ್ತು ಎಲ್ಲ ಕಡೆಯೂ ಚೆನ್ನಾಗಿರುತ್ತದೆ. ವಾರದ ನಡುವಿನ ಒಂದು ರಾತ್ರಿ ಎಂಟೂವರೆಗೆ ಹೋಗಿ.

ಹಣದ ಮಾತು ನಾಲ್ಕಿದೆ. ಅಡ್ವಾನ್ಸಿನಲ್ಲಿ ವಾಪಸ್ ಬರುವುದೆಷ್ಟು, ‘ಮೇಂಟೆನೆನ್ಸ್’ ಎಂದು ಹಿಡಿಯುವುದೆಷ್ಟು. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು. ತಿಂಗಳ ನಡುವೆ ಬಿಟ್ಟರೆ ಪೂರ್ತಿ ಬಾಡಿಗೆಯೋ ದಿನದ ಲೆಕ್ಕವೋ. ಬೇಸಿಗೆ ರಜೆಯಲ್ಲಿ ಬೆಡ್ಡು ಉಳಿಸಿಕೊಳ್ಳಲು ಎಷ್ಟು. ಇವನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ ಅವರ ನಂಬರಿಗೆ ವಾಟ್ಸಾಪ್‌ನಲ್ಲಿ ಬರೆದು ‘ಹೌದು’ ಎನ್ನಿಸಿಕೊಳ್ಳಿ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೆ ಒಂದು ವಿಷಯ ಗೊತ್ತಿರಲಿ. ತಲೆಗೆ ತಿಂಗಳಿಗೆ 20,000 ಮೀರದ, ಸತತ 90 ದಿನಕ್ಕೆ ಕಡಿಮೆಯಾಗದ ವಸತಿಗೆ 2024ರ ಜುಲೈನಿಂದ ವಿನಾಯಿತಿ ಇದೆ. ಮೊದಲ ತಿಂಗಳಿಗಷ್ಟೇ ಪಿಜಿ ಹಿಡಿದವರಿಗೆ ಈ ವಿನಾಯಿತಿ ಸಿಗುವುದಿಲ್ಲ. ಆದರೂ ತೆರಿಗೆ ಕೇಳಿದರೆ ನೋಂದಣಿ ಸಂಖ್ಯೆ ಇರುವ ಬಿಲ್ಲು ಕೇಳಿ. ಎಷ್ಟೋ ಸಲ ಅಲ್ಲಿಗೇ ಮಾತು ಮುಗಿಯುತ್ತದೆ. ಆಧಾರ್ ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ‘ವಸತಿಗಾಗಿ ಮಾತ್ರ’ ಎಂದು ತಾರೀಖು ಸಮೇತ ಬರೆಯಿರಿ. ಮೂಲ ಅಂಕಪಟ್ಟಿಯನ್ನು ‘ಭದ್ರತೆಗೆ’ ಕೇಳುವ ಜಾಗದಿಂದ ಎದ್ದು ಬನ್ನಿ.

ಮೂರು ನಾಲ್ಕು ಜನ ಸೇರಿ ಮನೆ ಮಾಡುವುದು ಎರಡನೇ ಸೆಮಿಸ್ಟರಿಗೆ ಒಳ್ಳೆಯದು, ಮೊದಲನೆಯದಕ್ಕಲ್ಲ. ಯಾರ ಜೊತೆ ಇರಬಹುದು ಎನ್ನುವುದು ಗೊತ್ತಾಗಲು ಅಷ್ಟು ಕಾಲ ಬೇಕು. ಮನೆ ಸಿಗುವುದು ಆ್ಯಪಿಗಿಂತ ಹೆಚ್ಚಾಗಿ ಜೆರಾಕ್ಸ್ ಅಂಗಡಿ, ಟೀ ಅಂಗಡಿ, ಮೆಸ್ಸಿನ ಅಕ್ಕನ ಬಾಯಿಂದ. ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಕೇಳುತ್ತಾರೆ. ಅಗ್ರಿಮೆಂಟಿಗೆ ಸಹಿ ಬಿದ್ದ ಮೇಲೆ ಕೊಡಿ, ಮನೆ ತೋರಿಸಿದ್ದಕ್ಕಲ್ಲ.

‘ಬ್ಯಾಚುಲರ್ಸ್‌ಗೆ ಕೊಡಲ್ಲಪ್ಪ’ ಎಂಬ ಮಾತು ಮೊದಲ ಗೇಟಿನಲ್ಲೇ ಬರುತ್ತದೆ. ಅದನ್ನು ದಾಟಿದರೆ ‘ನಾನ್‌ವೆಜ್ ಮಾಡ್ತೀರಾ?’, ಆಮೇಲೆ ‘ನೀವು ಯಾವ ಜನ?’ ದಲಿತ, ಮುಸ್ಲಿಂ ವಿದ್ಯಾರ್ಥಿಗಳಿಗೆ ಬೋರ್ಡು ನೇತಾಡುತ್ತಿರುವ ಮನೆಯೇ ‘ನಿನ್ನೆ ಹೋಯ್ತಲ್ಲ’ ಆಗುವುದು ಈ ಊರಲ್ಲಿ ಹೊಸದಲ್ಲ, ಮುಚ್ಚಿಡಬೇಕಾದ್ದೂ ಅಲ್ಲ. ಸುಳ್ಳು ಹೇಳಿ ಸೇರಿಕೊಂಡು ವರ್ಷವಿಡೀ ಬಾಗಿಲು ಹಾಕಿ ಅಡುಗೆ ಮಾಡುವ ಬದಲು, ಹಿರಿಯ ವಿದ್ಯಾರ್ಥಿಗಳು ಈಗಾಗಲೇ ನೆಮ್ಮದಿಯಾಗಿರುವ ಮನೆಗಳ ಪಟ್ಟಿಯನ್ನು ವಿಭಾಗದಲ್ಲಿ ಕೇಳಿ ತೆಗೆದುಕೊಳ್ಳುವುದು ಲೇಸು. ಒಬ್ಬರು ಬಿಡುವಾಗ ಇನ್ನೊಬ್ಬರು ಹಿಡಿಯುವ ಇಂಥ ಮನೆಗಳು ಬೋರ್ಡಿಗೆ ಬರುವುದೇ ಇಲ್ಲ.

ಮನೆ ನೋಡುವಾಗ ಪಡುವಣ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಹೊಸ ಸುಣ್ಣದ ಕೆಳಗೆ ಉಬ್ಬಿದ್ದರೆ ಮಳೆಗಾಲದಲ್ಲಿ ಸೋರುತ್ತದೆ. ತಾರಸಿಯ ಮೇಲಿನ ಶೀಟಿನ ರೂಮು ಬಾಡಿಗೆಗೆ ಅಗ್ಗ, ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ. ಪರೀಕ್ಷೆಯ ಓದು ಗ್ರಂಥಾಲಯದಲ್ಲೇ ಆಗಬೇಕು.

ಅಗ್ರಿಮೆಂಟು 11 ತಿಂಗಳಿಗೇ ಏಕೆ ಎಂದು ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು. ಇ–ಸ್ಟ್ಯಾಂಪ್ ಕಾಗದದಲ್ಲಿ ಅಡ್ವಾನ್ಸಿನ ಮೊತ್ತ, ಬಾಡಿಗೆ, ನೀರಿನ ಶುಲ್ಕ, ಬಿಡುವಾಗ ಬಣ್ಣಕ್ಕೆಂದು ಹಿಡಿಯುವ ಮೊತ್ತ ಇಷ್ಟೂ ಇರಬೇಕು. ಬಣ್ಣದ ಸಾಲು ಖಾಲಿ ಬಿಟ್ಟರೆ ಕೊನೆಗೆ ಒಂದು ತಿಂಗಳ ಬಾಡಿಗೆ ಅಲ್ಲಿಗೆ ಹೋಗುತ್ತದೆ. ಎಲ್ಲರ ಹೆಸರೂ ಅಗ್ರಿಮೆಂಟಿನಲ್ಲಿರಲಿ. ಒಬ್ಬನ ಹೆಸರಲ್ಲಿ ಮಾತ್ರ ಇದ್ದು ಅವನು ನಡುವೆ ಓದು ಬಿಟ್ಟರೆ ಉಳಿದವರ ಅಡ್ವಾನ್ಸಿಗೆ ದಾಖಲೆಯೇ ಇರುವುದಿಲ್ಲ.

ವರ್ಷದ ಹೋಲಿಕೆ ಮಾಡುವಾಗ ತಿಂಗಳ ಬಾಡಿಗೆಯನ್ನಲ್ಲ, ತಿಂಗಳುಗಳ ಸಂಖ್ಯೆಯನ್ನು ನೋಡಿ. 7,500ರ ಮನೆಯನ್ನು ಮೂವರು ಹಂಚಿಕೊಂಡರೆ ತಲೆಗೆ 2,500, ಅಗ್ಗವೆನಿಸುತ್ತದೆ. ಆದರೆ ಅದು ರಜೆಯೂ ಸೇರಿ 11 ತಿಂಗಳು, 27,500. ಬಣ್ಣಕ್ಕೆ ಹೋಗುವ ಪಾಲು 2,500. ಇದರ ಮೇಲೆ ಊಟ, ಗ್ಯಾಸು, ನೀರು, ಹಾಸಿಗೆ, ಪಾತ್ರೆ. ಮೂವರಲ್ಲಿ ಒಬ್ಬ ಬಿಟ್ಟುಹೋದ ತಿಂಗಳು ಪಾಲು 3,750ಕ್ಕೆ ಏರುತ್ತದೆ. ಹಾಸ್ಟೆಲ್, ಪಿಜಿಯಲ್ಲಿ ಈ ಕೊನೆಯ ಅಪಾಯವಿಲ್ಲ. ಅಡುಗೆ ನಿಜವಾಗಿಯೂ ಮಾಡುವವರಿಗೆ ಮಾತ್ರ ಮನೆ ಲಾಭ. ಒಲೆ ತಂದಿಟ್ಟು ದಿನವೂ ಹೋಟೆಲಿನಲ್ಲಿ ಉಣ್ಣುವವರಿಗೆ ಇದೇ ಎಲ್ಲಕ್ಕಿಂತ ದುಬಾರಿ. ಗ್ಯಾಸಿಗೆ ಗುರುತಿನ ಚೀಟಿ ತೋರಿಸಿದರೆ ಸಿಗುವ 5 ಕೆ.ಜಿ. ಸಿಲಿಂಡರ್ ಸಾಕು. ಬೀದಿಬದಿಯಲ್ಲಿ ತುಂಬಿಸುವ ಪುಟ್ಟ ಸಿಲಿಂಡರಿನ ಸಹವಾಸ ಬೇಡ, ಅದರ ಬಾಯಿ ಸೋರುವುದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಕರೆಂಟಿನ ಮೀಟರು ನಿಮ್ಮ ಮನೆಗೆ ಪ್ರತ್ಯೇಕವಾಗಿದೆಯೇ, ಅದಕ್ಕೆ ಸ್ವಂತ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಇದೆಯೇ ನೋಡಿ. ಸ್ವಂತ ನಂಬರಿದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. 200 ಯೂನಿಟ್ ಪೂರ್ತಿ ಉಚಿತ ಎಂದು ತಿಳಿದು ಗೀಸರ್ ಉರಿಸಬೇಡಿ. ಆ ನಂಬರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ನಿಗದಿಯಾದ ಯೂನಿಟ್ಟುಗಳಷ್ಟೇ ಉಚಿತ. ಅದಕ್ಕಿಂತ ಹೆಚ್ಚಾದದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಮಾಲೀಕರ ಮೀಟರಿಗೆ ಸಬ್‌ಮೀಟರ್ ಜೋಡಿಸಿದ್ದರೆ ಯೂನಿಟ್ಟಿಗೆ ಎಷ್ಟು ಎಂಬುದನ್ನು ಅಗ್ರಿಮೆಂಟಿನಲ್ಲೇ ಬರೆಸಿ.

ಸೇರಿದ ದಿನ ಗೋಡೆ, ನಲ್ಲಿ, ಬಚ್ಚಲು, ಬಾಗಿಲಿನ ಚಿಲಕ, ಮೀಟರಿನ ಅಂಕಿ ಎಲ್ಲದರ ಫೋಟೋ ತೆಗೆದು ಮಾಲೀಕರ ವಾಟ್ಸಾಪಿಗೆ ಕಳಿಸಿಬಿಡಿ. ‘ಅಂಕಲ್, ಇವತ್ತು ಬಂದ್ವಿ, ಹೀಗಿದೆ ನೋಡಿ’ ಎಂದರೆ ಸಾಕು, ಯಾರಿಗೂ ಬೇಜಾರಾಗುವುದಿಲ್ಲ. ಬಿಡುವ ದಿನ ಅದೇ ಜಾಗಗಳ ಫೋಟೋ ಇನ್ನೊಮ್ಮೆ. ಕೊನೆಯ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಕಟ್ಟಿ ರಸೀದಿ ಕೈಲಿಟ್ಟುಕೊಂಡೇ ಬೀಗದ ಕೈ ಕೊಡಿ. ಅಡ್ವಾನ್ಸ್ ‘ಮುಂದಿನ ವಾರ ಹಾಕ್ತೀನಿ’ ಎಂದರೆ ಎಷ್ಟು, ಯಾವ ತಾರೀಖು ಎಂದು ಬರೆಸಿಕೊಳ್ಳಿ. ಊರಿಗೆ ಬಸ್ಸು ಹತ್ತುವ ಮೊದಲು ಗೃಹಜ್ಯೋತಿಯಲ್ಲಿ ನಿಮ್ಮ ಆಧಾರನ್ನು ಆ ಆರ್‌ಆರ್ ನಂಬರಿನಿಂದ ಡಿ–ಲಿಂಕ್ ಮಾಡಿ. ಮಾಡದೆ ಹೋದರೆ ಮುಂದಿನ ಮನೆಯಲ್ಲಿ ನಿಮ್ಮ ಅರ್ಜಿ ನಿಲ್ಲುತ್ತದೆ, ಇಲ್ಲಿಗೆ ಬರುವ ಹೊಸ ಹುಡುಗರದ್ದೂ ನಿಲ್ಲುತ್ತದೆ.